ಹೊಸ ಬ್ಯಾಟರಿ ಕೊಳ್ಳುವ ಮುನ್ನ: ಚಾರ್ಜಿಂಗ್ ದೋಷವನ್ನು ಮನೆಯಲ್ಲಿಯೇ ಕಂಡುಹಿಡಿಯುವ ಬಗೆ



ಹಂಗಾಮು ಆರಂಭವಾಗಿ ಕಟಾವಿನ ಟೋಳಿಗಳು ಹೊಲಕ್ಕೆ ಇಳಿದವೆಂದರೆ ಟ್ರ್ಯಾಕ್ಟರಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಹಗಲೆಲ್ಲ ಕಬ್ಬು ಹೇರಿಸಿಕೊಂಡು, ಸಂಜೆಗೆ ದಾರಿ ಹಿಡಿದು, ರಾತ್ರಿ ಕಾರಖಾನೆಯ ಅಂಗಳದಲ್ಲಿ ಸರದಿಗೆ ನಿಲ್ಲಬೇಕು. ನಡುರಾತ್ರಿಯಲ್ಲಿ ಸರದಿ ಮುಂದೆ ಸರಿಯುತ್ತದೆ. ಚಾಲಕ ಕೀಲಿ ತಿರುವುತ್ತಾನೆ. ಸೆಲ್ಫ್ ಒಮ್ಮೆ 'ಟಿಕ್' ಎಂದು ಸುಮ್ಮನಾಗುತ್ತದೆ. ಹಿಂದಿನ ಗಾಡಿಯವರು ಕೂಗಾಡುತ್ತಾರೆ. ನೂಕಿ ಚಾಲೂ ಮಾಡೋಣವೆಂದರೆ ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು. ಬೆಳಗಾದ ಮೇಲೆ ಮಾಲಕರಿಗೆ ಬರುವ ಮಾತು ಒಂದೇ: "ಸಾವಕಾರ್ರ, ಬ್ಯಾಟರಿ ಹೋಗ್ಯಾದ್ರಿ."

ಮಾಲಕರು ಪೇಟೆಗೆ ಹೋಗಿ ಹಲವು ಸಾವಿರ ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತಾರೆ. ಎಂಟು ದಿನ ಸೆಲ್ಫ್ ಗರಗರನೆ ತಿರುಗುತ್ತದೆ. ಒಂಬತ್ತನೆಯ ದಿನ ಅದೂ 'ಟಿಕ್' ಎನ್ನುತ್ತದೆ. ಆಗ ಅಂಗಡಿಯವನ ಮೇಲೆ, ಚಾಲಕನ ಮೇಲೆ, ಕೊನೆಗೆ ದೈವದ ಮೇಲೆ ಸಿಟ್ಟು ಬರುತ್ತದೆ. ಆದರೆ ಹಳೆಯ ಬ್ಯಾಟರಿಯಲ್ಲಿ ದೋಷವೇ ಇರಲಿಲ್ಲವೆಂಬುದು, ಅದಕ್ಕೆ ತುಂಬಬೇಕಾದ ಚಾರ್ಜು ಬರುತ್ತಿರಲಿಲ್ಲವೆಂಬುದು ಆಗಲೂ ಯಾರ ಗಮನಕ್ಕೂ ಬರುವುದಿಲ್ಲ.

ಟ್ರ್ಯಾಕ್ಟರ್, ಜೀಪು, ಕಾರು ಯಾವುದೇ ಇರಲಿ, ದೋಷ ಬ್ಯಾಟರಿಯಲ್ಲಿದೆಯೋ, ಚಾರ್ಜು ಮಾಡುವ ಆಲ್ಟರ್ನೇಟರಿನಲ್ಲಿದೆಯೋ ಅಥವಾ ನಡುವಿನ ವಾಯರಿನಲ್ಲಿದೆಯೋ ಎಂಬುದನ್ನು ಮನೆಯ ಅಂಗಳದಲ್ಲಿಯೇ ಅರ್ಧ ಗಂಟೆಯಲ್ಲಿ ತಿಳಿಯಬಹುದು. ಇದಕ್ಕೆ ಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಟಾಕಿ, ಪಂಪು ಮತ್ತು ಪೈಪು

ನಮ್ಮ ಬಾವಿಯ ಪಂಪಿನ ಉದಾಹರಣೆಯಿಂದ ಇದನ್ನು ತಿಳಿಯುವುದು ಸುಲಭ. ಬ್ಯಾಟರಿ ಎಂದರೆ ನೀರಿನ ಟಾಕಿ. ಆಲ್ಟರ್ನೇಟರ್ ಎಂದರೆ ಟಾಕಿ ತುಂಬುವ ಪಂಪು. ವಾಯರುಗಳು ಪೈಪುಗಳಿದ್ದಂತೆ. ಎಂಜಿನ್ ಚಾಲೂ ಮಾಡುವಾಗ ಸೆಲ್ಫ್ ಕೆಲವೇ ಸೆಕೆಂಡುಗಳಲ್ಲಿ ಟಾಕಿಯಿಂದ ಬಹಳ ನೀರು ಎಳೆದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ತಿರುಗಿಸಲು 200 ಆಂಪಿಯರಿಗೂ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಆ ನಷ್ಟವನ್ನು ತುಂಬಿಕೊಡಬೇಕು; ದೀಪ, ಹಾರ್ನ್ ಮುಂತಾದವುಗಳ ಖರ್ಚನ್ನೂ ಅದೇ ನೋಡಿಕೊಳ್ಳಬೇಕು. ಟಾಕಿ ಬರಿದಾಗಿದೆ ಎಂದ ಮಾತ್ರಕ್ಕೆ ಟಾಕಿ ಒಡೆದಿದೆ ಎಂದು ಯಾರೂ ಹೇಳುವುದಿಲ್ಲ. ಪಂಪು ಓಡುತ್ತಿದೆಯೇ, ಪೈಪು ಸೋರುತ್ತಿದೆಯೇ ಎಂದು ಮೊದಲು ನೋಡುತ್ತೇವೆ. ಬ್ಯಾಟರಿಯ ವಿಷಯದಲ್ಲಿಯೂ ಹಾಗೆಯೇ ನೋಡಬೇಕು.

ಟ್ರ್ಯಾಕ್ಟರಿನಲ್ಲಿ ಈ ದೋಷ ಬಹಳ ದಿನ ಅಡಗಿರುತ್ತದೆ. ಸಾದಾ ಡೀಸೆಲ್ ಪಂಪಿನ ಎಂಜಿನ್ ಒಮ್ಮೆ ಚಾಲೂ ಆದರೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಆದ್ದರಿಂದ ಚಾರ್ಜು ನಿಂತು ನಾಲ್ಕು ದಿನವಾದರೂ ಹಗಲಿನ ಕೆಲಸದಲ್ಲಿ ಗೊತ್ತಾಗುವುದಿಲ್ಲ. ದೀಪ ಹಚ್ಚಿದ ರಾತ್ರಿಯೇ ಗುಟ್ಟು ಬಯಲಾಗುತ್ತದೆ. ಪೆಟ್ರೋಲ್ ಕಾರು ಮತ್ತು ಇತ್ತೀಚಿನ ವಿದ್ಯುನ್ಮಾನ ಡೀಸೆಲ್ ಎಂಜಿನ್ನುಗಳು ಮಾತ್ರ ಬ್ಯಾಟರಿ ಬರಿದಾದರೆ ದಾರಿಯಲ್ಲಿಯೇ ನಿಲ್ಲುತ್ತವೆ.

ಮೊದಲು ಕಣ್ಣಿನಿಂದ ನೋಡಿರಿ

ಮೀಟರ್ ಹಿಡಿಯುವ ಮುನ್ನ ಈ ಕೆಳಗಿನವುಗಳನ್ನು ಪರೀಕ್ಷಿಸಿರಿ.

1. ಟರ್ಮಿನಲ್ ಕ್ಲಾಂಪುಗಳು: ಕೈಯಿಂದ ತಿರುಗಿಸಿದರೆ ಅಲುಗಾಡಬಾರದು. ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಕ್ಲಾಂಪು ತೆಗೆದು, ನೀರಿನಲ್ಲಿ ಕದಡಿದ ಅಡಿಗೆ ಸೋಡಾದಿಂದ ತೊಳೆದು, ಒಣಗಿಸಿ, ಮರಳು ಕಾಗದದಿಂದ ಹೊಳೆಯುವಂತೆ ತಿಕ್ಕಿರಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಹಚ್ಚಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಎಚ್ಚರಿಕೆ ವಹಿಸಿರಿ.

2. ಅರ್ಥಿಂಗ್ ಪಟ್ಟಿ: ಮೈನಸ್ ಕಡೆಯ ವಾಯರ್ ಚಾಸಿಗೆ ಅಥವಾ ಎಂಜಿನ್ನಿಗೆ ಬೋಲ್ಟಾದ ಸ್ಥಳದಲ್ಲಿ ತುಕ್ಕು, ಬಣ್ಣ, ಮಣ್ಣು ಇರಬಾರದು. ಟ್ರ್ಯಾಕ್ಟರಿಗೆ ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ಸೆಲ್ಫ್ ಮಂದವಾದರೆ ಮೊದಲ ಸಂಶಯ ಇಲ್ಲಿಯೇ ಇರಲಿ.

3. ಬೆಲ್ಟು: ಎಂಜಿನ್ ನಿಲ್ಲಿಸಿ, ಎರಡು ಪುಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ತೀರ ಬಿಗಿಯಾದರೆ ಬೇರಿಂಗು ಸವೆಯುತ್ತದೆ. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ, ದೀಪ ಹಚ್ಚಿದಾಗ ಕಿರ್ರೆನ್ನುತ್ತಿದ್ದರೆ ಬೆಲ್ಟು ಜಾರುತ್ತಿದೆ ಎಂದೇ ತಿಳಿಯಿರಿ.

4. ಚಾರ್ಜಿಂಗ್ ದೀಪ: ಎಂಜಿನ್ ಚಾಲೂ ಮಾಡದೆ ಕೀಲಿ ತಿರುವಿದರೆ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಬೇಕು, ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ಓಡುವಾಗ ಆರದಿದ್ದರೆ ಚಾರ್ಜು ಇಲ್ಲವೆಂದು ಎಲ್ಲರೂ ಬಲ್ಲರು. ಆದರೆ ಮೊದಲೇ ಹತ್ತದಿದ್ದರೂ ಅಷ್ಟೇ ಚಿಂತೆಯ ವಿಷಯ. ಅನೇಕ ಗಾಡಿಗಳಲ್ಲಿ ಈ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ತಿನಿಂದಲೇ ಆಲ್ಟರ್ನೇಟರ್ ಕೆಲಸ ಆರಂಭಿಸುತ್ತದೆ. ಕೆಲವು ರೂಪಾಯಿಯ ಬಲ್ಬು ಸುಟ್ಟುಹೋದರೆ ಸಾವಿರಾರು ರೂಪಾಯಿಯ ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತದೆ.

5. ಬ್ಯಾಟರಿ ನೀರು: ಮುಚ್ಚಳವಿರುವ ಬ್ಯಾಟರಿಯಾದರೆ ಪ್ಲೇಟುಗಳು ನೀರಿನಲ್ಲಿ ಮುಳುಗಿರಬೇಕು. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿರಿ. ಬಾವಿಯ ನೀರಾಗಲಿ, ಆ್ಯಸಿಡ್ ಆಗಲಿ ಬೇಡ.

ಮುಖ್ಯವಾದ ಮೂರು ಅಂಕಿಗಳು

ಮೀಟರಿನ ಕಪ್ಪು ವಾಯರನ್ನು 'ಕಾಮ್' ಎಂಬ ರಂಧ್ರಕ್ಕೂ, ಕೆಂಪು ವಾಯರನ್ನು 'ವಿ' ಎಂಬ ರಂಧ್ರಕ್ಕೂ ಹಾಕಿ, ಗುಂಡಿಯನ್ನು 20 ವೋಲ್ಟ್ ಡಿಸಿಗೆ ಇಡಿರಿ. ಕೆಂಪು ಮೊನೆ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಮೊನೆ ಮೈನಸ್ ಕಂಬಕ್ಕೆ ತಾಗಿಸಿರಿ. ಕ್ಲಾಂಪಿಗೆ ತಾಗಿಸದೆ ಸೀಸದ ಕಂಬಕ್ಕೇ ತಾಗಿಸಬೇಕು. ಎಂಜಿನ್ ಓಡುವಾಗ ವಾಯರ್, ಧೋತರ, ಟಾವೆಲ್ ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು.

ಮೊದಲನೆಯ ಅಂಕಿ, ಬೆಳಿಗ್ಗೆ ಚಾಲೂ ಮಾಡುವ ಮುನ್ನ: ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12ಕ್ಕೆ ಇಳಿದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ. ಬ್ಯಾಟರಿಯ ಒಳಗೆ ಆರು ಸೆಲ್ಲುಗಳಿದ್ದು, ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಚಾರ್ಜು ಮಾಡಿದರೂ 10.5ರ ಆಸುಪಾಸಿನಲ್ಲಿಯೇ ನಿಂತರೆ ಒಂದು ಸೆಲ್ ಸತ್ತಿದೆ. ಆ ಬ್ಯಾಟರಿಗೆ ಮದ್ದಿಲ್ಲ. ಈಗತಾನೆ ಓಡಿ ಬಂದ ಗಾಡಿಯಲ್ಲಿ ಈ ಅಂಕಿ ನೋಡಿದರೆ ಸುಳ್ಳು ಹೆಚ್ಚಳ ತೋರಿಸುತ್ತದೆ. ಆದುದರಿಂದ ಬೆಳಗಿನ ಸಮಯವೇ ಒಳ್ಳೆಯದು.

ಎರಡನೆಯ ಅಂಕಿ, ಎಂಜಿನ್ ಓಡುವಾಗ: ಎಂಜಿನ್ ಚಾಲೂ ಮಾಡಿ ಆ್ಯಕ್ಸಿಲೇಟರನ್ನು ಸ್ವಲ್ಪ ಏರಿಸಿ, ಸುಮಾರು 1500 ಸುತ್ತಿಗೆ ತಂದು ನೋಡಿರಿ. 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜು ಸರಿಯಾಗಿದೆ. ಬೆಳಗಿನ ಅಂಕಿಯೇ ನಿಂತಿದ್ದರೆ, ಇಲ್ಲವೆ ಇಳಿಯುತ್ತಿದ್ದರೆ ಚಾರ್ಜು ಬರುತ್ತಿಲ್ಲ. 15ಕ್ಕೂ ಮೇಲೆ ಏರಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಮೇಲಿಂದ ಮೇಲೆ ಒಣಗುವುದಕ್ಕೆ, ಬಲ್ಬುಗಳು ಸಾಲಾಗಿ ಸುಡುವುದಕ್ಕೆ ಇದೇ ಕಾರಣ. ಹೊಸ ಕಾರುಗಳಲ್ಲಿ ಚಾರ್ಜನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತಿರುತ್ತದೆ. ಅವುಗಳಲ್ಲಿ ಅಂಕಿ ಕಡಿಮೆ ಕಂಡರೆ ಹೆಡ್‌ಲೈಟ್ ಹಚ್ಚಿ ಮತ್ತೊಮ್ಮೆ ನೋಡಿ ನಂತರ ತೀರ್ಮಾನಿಸಿರಿ.

ಮೂರನೆಯ ಅಂಕಿ, ಭಾರ ಹಾಕಿದಾಗ: ಎಂಜಿನ್ ಅದೇ ವೇಗದಲ್ಲಿರಲಿ. ಹೆಡ್‌ಲೈಟ್, ಹಿಂದಿನ ದೀಪ, ಟ್ರೇಲರ್ ದೀಪ ಎಲ್ಲವನ್ನೂ ಹಚ್ಚಿರಿ. ಆಗಲೂ 13.2ಕ್ಕಿಂತ ಮೇಲಿರಬೇಕು. ಭಾರವಿಲ್ಲದಾಗ 14 ಇದ್ದು, ಭಾರ ಬಿದ್ದೊಡನೆ 12.5ಕ್ಕೆ ಕುಸಿದರೆ ಬೆಲ್ಟು ಜಾರುತ್ತಿದೆ, ಇಲ್ಲವೆ ಆಲ್ಟರ್ನೇಟರಿನ ಬ್ರಶ್ ಅಥವಾ ಡಯೋಡ್ ಹೋಗಿದೆ, ಇಲ್ಲವೆ ನೀವು ಹಾಕಿದ ಭಾರವೇ ಅದರ ಶಕ್ತಿಗೆ ಮೀರಿದೆ.

ಸೆಲ್ಫ್ ಹೊಡೆಯುವಾಗಲೂ ಒಮ್ಮೆ ನೋಡಿರಿ. ತುಂಬಿದ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಅದು ಮುದಿಯಾಗಿದೆ ಎಂದು ಸಂಶಯಪಡಬಹುದು. ಮೀಟರ್ 12ರಲ್ಲಿಯೇ ನಿಂತು ಸೆಲ್ಫ್ ಮಾತ್ರ ತಿರುಗದಿದ್ದರೆ ಬ್ಯಾಟರಿಯಿಂದ ವಿದ್ಯುತ್ ಹೊರಗೇ ಹೋಗುತ್ತಿಲ್ಲ. ಕ್ಲಾಂಪು, ಅರ್ಥಿಂಗ್, ಸೆಲ್ಫಿನ ಸ್ವಿಚ್ಚು ನೋಡಿರಿ.

ದೀಪ ಹತ್ತುತ್ತದೆ, ಸೆಲ್ಫ್ ಏಕೆ ತಿರುಗುವುದಿಲ್ಲ?

ಇದು ಚಾಲಕರು ಮೇಲಿಂದ ಮೇಲೆ ಕೇಳುವ ಪ್ರಶ್ನೆ. ತುಕ್ಕು ಹಿಡಿದ ಕ್ಲಾಂಪಿನಲ್ಲಿ ಓಮಿನ ನೂರನೆಯ ಒಂದು ಪಾಲಿನಷ್ಟು ಅಡಚಣೆ ಇದೆಯೆಂದು ತಿಳಿಯಿರಿ. ಹೆಡ್‌ಲೈಟುಗಳ 9 ಆಂಪಿಯರ್ ಹರಿದಾಗ ಅಲ್ಲಿ ವೋಲ್ಟಿನ ಹತ್ತನೆಯ ಒಂದು ಪಾಲೂ ನಷ್ಟವಾಗುವುದಿಲ್ಲ. ದೀಪ ಚೆನ್ನಾಗಿಯೇ ಉರಿಯುತ್ತದೆ. ಸೆಲ್ಫಿನ 200 ಆಂಪಿಯರ್ ಹರಿಯಹೋದಾಗ ಅದೇ ಸ್ಥಳದಲ್ಲಿ 2 ವೋಲ್ಟ್ ನುಂಗಿಹೋಗುತ್ತದೆ. ಸಣ್ಣ ಕಸ ಸಿಕ್ಕ ಪೈಪಿನಿಂದ ಕೊಡ ತುಂಬಬಹುದು, ಹೊಲಕ್ಕೆ ನೀರು ಹಾಯಿಸಲು ಆಗದು, ಇದೂ ಹಾಗೆಯೇ.

ಪಂಪಿನ ದೋಷವೋ, ಪೈಪಿನ ದೋಷವೋ?

ಎರಡನೆಯ ಅಂಕಿ ಕಡಿಮೆ ಬಂದೊಡನೆ ಆಲ್ಟರ್ನೇಟರ್ ಬಿಚ್ಚಬೇಡಿರಿ. ಅದರ ಹಿಂಬದಿಯಲ್ಲಿ ದಪ್ಪ ವಾಯರ್ ಬಂದು ಸೇರುವ 'ಬಿ' ಎಂಬ ಬೋಲ್ಟು ಇರುತ್ತದೆ. ಎಂಜಿನ್ ನಿಲ್ಲಿಸಿದಾಗಲೂ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು. ಸೊನ್ನೆ ಇದ್ದರೆ ನಡುವಿನ ವಾಯರ್ ಅಥವಾ ದೊಡ್ಡ ಫ್ಯೂಸು ಕಡಿದಿದೆ.

ಎಂಜಿನ್ ಓಡಿಸಿ, ದೀಪ ಹಚ್ಚಿ, ಕೆಂಪು ಮೊನೆಯನ್ನು 'ಬಿ' ಬೋಲ್ಟಿಗೆ, ಕಪ್ಪು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ತಾಗಿಸಿರಿ. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿದ ವೋಲ್ಟ್. ಅದು 0.3ಕ್ಕಿಂತ ಹೆಚ್ಚಿರಬಾರದು. ಅನಂತರ ಒಂದು ಮೊನೆಯನ್ನು ಆಲ್ಟರ್ನೇಟರಿನ ಬರಿ ಲೋಹದ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ತಾಗಿಸಿರಿ. ಅಲ್ಲಿ 0.2ಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ವಾಯರಿನ ತುದಿಗಳನ್ನು ಬಿಚ್ಚಿ, ತಿಕ್ಕಿ, ಬಿಗಿದರೆ ಬಹುಶಃ ಖರ್ಚೇ ಇಲ್ಲದೆ ದೋಷ ಹೋಗುತ್ತದೆ. ಎರಡೂ ಕಡೆ ಸೋರಿಕೆ ಇಲ್ಲದೆ, ಬೆಲ್ಟು ಮತ್ತು ಕೆಂಪು ದೀಪ ಸರಿಯಿದ್ದು, 'ಬಿ' ಬೋಲ್ಟಿನಲ್ಲಿಯೇ ವೋಲ್ಟ್ ಕಡಿಮೆ ಬಂದರೆ ಮಾತ್ರ ಆಲ್ಟರ್ನೇಟರನ್ನು ಮಿಸ್ತ್ರಿಯ ಕಡೆಗೆ ಒಯ್ಯಿರಿ. ಅಲ್ಲಿಯೂ ಬ್ರಶ್, ರೆಗ್ಯುಲೇಟರ್, ಡಯೋಡ್ ಬೇರೆ ಬೇರೆಯಾಗಿ ಬದಲಿಸಲು ಬರುತ್ತವೆಯೇ ಎಂದು ಕೇಳಿರಿ.

ಸರದಿಯಲ್ಲಿ ಹಾಡಿನ ಲೆಕ್ಕ

ನಮ್ಮ ಭಾಗದ ಕಬ್ಬಿನ ಟ್ರ್ಯಾಕ್ಟರುಗಳಿಗೆ ಈಗ ಡೆಕ್ಕು, ದೊಡ್ಡ ಸ್ಪೀಕರು, ಬಣ್ಣದ ದೀಪಗಳು ಶೃಂಗಾರವಾಗಿವೆ. ಹುಡುಗರ ಉತ್ಸಾಹಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಲೆಕ್ಕ ತಿಳಿದಿರಲಿ. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 35ರಿಂದ 40 ಆಂಪಿಯರಿನದು. ಅದೂ ಎಂಜಿನ್ ವೇಗವಾಗಿ ಓಡುವಾಗ. ಸರದಿಯಲ್ಲಿ ಮಂದವಾಗಿ ಓಡುವಾಗ ಅದರ ಅರ್ಧವೂ ಬರಲಾರದು.

ಉದಾಹರಣೆಗೆ, ಹೆಡ್‌ಲೈಟಿಗೆ 9, ಹಿಂದಿನ ಮತ್ತು ಟ್ರೇಲರಿನ ದೀಪಗಳಿಗೆ 2, ಡೆಕ್ಕಿಗೆ 15, ಹೀಗೆ ಒಟ್ಟು 26 ಆಂಪಿಯರ್ ಖರ್ಚು ಹಿಡಿಯೋಣ. ಮಂದವಾಗಿ ಓಡುವ ಎಂಜಿನ್ನಿನಿಂದ 15 ಬಂದರೆ, ಉಳಿದ 11 ಆಂಪಿಯರನ್ನು ಬ್ಯಾಟರಿಯೇ ಕೊಡಬೇಕು. ನಾಲ್ಕು ತಾಸಿನಲ್ಲಿ 44 ಆಂಪಿಯರ್-ತಾಸು ಹೋಯಿತು. 75 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ! ಎಂಜಿನ್ ನಿಲ್ಲಿಸಿ ಬರಿ ಹಿಂದಿನ ದೀಪ ಮತ್ತು ಡೆಕ್ಕು ಹಚ್ಚಿದರೆ ಮೂರು ತಾಸಿನಲ್ಲಿ 51 ಹೋಗುತ್ತದೆ. ಇಲ್ಲಿ ಬ್ಯಾಟರಿಯದೂ ತಪ್ಪಿಲ್ಲ, ಆಲ್ಟರ್ನೇಟರಿನದೂ ತಪ್ಪಿಲ್ಲ. ಮೂರು ಅಂಕಿಗಳೂ ಸರಿಯಿದ್ದು ಬೆಳಿಗ್ಗೆ ಮಾತ್ರ ಬ್ಯಾಟರಿ ಬರಿದಾಗುತ್ತಿದ್ದರೆ ಮೊದಲು ಈ ಲೆಕ್ಕ ಮಾಡಿರಿ.

ರಾತ್ರಿಯ ಕಳ್ಳ ಸೋರಿಕೆ

ಏನೂ ಹಚ್ಚದೆ ಮನೆಯ ಮುಂದೆ ನಿಂತ ಗಾಡಿಯ ಬ್ಯಾಟರಿಯೂ ಇಳಿಯುತ್ತಿದ್ದರೆ ಎಲ್ಲೋ ವಿದ್ಯುತ್ ಸೋರುತ್ತಿದೆ. ಕೀಲಿ ತೆಗೆದು, ಎಲ್ಲ ಸ್ವಿಚ್ಚು ಆರಿಸಿ, ಮೈನಸ್ ಕ್ಲಾಂಪನ್ನು ಕಳಚಿರಿ. ಮೀಟರಿನ ಕೆಂಪು ವಾಯರನ್ನು 10 ಆಂಪಿಯರ್ ರಂಧ್ರಕ್ಕೆ ಬದಲಿಸಿ, ಗುಂಡಿಯನ್ನೂ 10 ಆಂಪಿಯರಿಗೆ ತಿರುಗಿಸಿ, ಒಂದು ಮೊನೆ ಮೈನಸ್ ಕಂಬಕ್ಕೆ, ಇನ್ನೊಂದು ಕಳಚಿದ ಕ್ಲಾಂಪಿಗೆ ಹಿಡಿಯಿರಿ. ಸಾದಾ ಟ್ರ್ಯಾಕ್ಟರಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಕಾರಿನಲ್ಲಿ ಅರ್ಧ ಗಂಟೆ ಬಿಟ್ಟ ಮೇಲೆ 0.05 ಆಂಪಿಯರಿನವರೆಗೆ ಇರಬಹುದು. ಅರ್ಧ ಆಂಪಿಯರ್ ಸೋರುತ್ತಿದ್ದರೆ ಹತ್ತು ತಾಸಿಗೆ 5 ಆಂಪಿಯರ್-ತಾಸು ಹೋಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿರಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುವುದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ಫ್ಯೂಸಿಲ್ಲದೆ ಬ್ಯಾಟರಿಗೆ ನೇರವಾಗಿ ಜೋಡಿಸಿದ ಡೆಕ್ಕಿನ ವಾಯರನ್ನು ಮೊದಲು ನೋಡಿರಿ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ಮಾತ್ರ ಮುಟ್ಟಿದರೆ ಬೆಚ್ಚಗಿದ್ದರೆ ಅದರ ಡಯೋಡ್ ಕೆಟ್ಟು ರಾತ್ರಿಯೆಲ್ಲ ಸೋರಿದೆ.

ಈ ಪರೀಕ್ಷೆ ಮುಗಿದ ಕೂಡಲೆ ಕೆಂಪು ವಾಯರನ್ನು ಮತ್ತೆ 'ವಿ' ರಂಧ್ರಕ್ಕೆ ಹಾಕಿಡಿರಿ. 10 ಆಂಪಿಯರ್ ರಂಧ್ರದಲ್ಲಿಯೇ ಬಿಟ್ಟು ಬ್ಯಾಟರಿಯ ಎರಡು ಕಂಬಗಳಿಗೆ ತಾಗಿಸಿದರೆ ಶಾರ್ಟಾಗಿ ಕಿಡಿ ಹಾರುತ್ತದೆ. ಮೀಟರ್ ಹೀಗೆ ಜೋಡಿಸಿದಾಗ ಸೆಲ್ಫ್ ಹೊಡೆಯಲೇಬಾರದು.

ಮಾಡಬಾರದ ಕೆಲಸಗಳು

ಎಂಜಿನ್ ಓಡುವಾಗ ಬ್ಯಾಟರಿಯ ಕ್ಲಾಂಪು ಕಿತ್ತು, 'ಎಂಜಿನ್ ನಿಲ್ಲಲಿಲ್ಲ, ಆದ್ದರಿಂದ ಚಾರ್ಜಿಂಗ್ ಸರಿಯಿದೆ' ಎಂದು ಹೇಳುವ ಮಿಸ್ತ್ರಿಗಳು ಇನ್ನೂ ಇದ್ದಾರೆ. ಇದು ಡೈನಮೊ ಕಾಲದಿಂದ ಉಳಿದುಬಂದ ರೂಢಿ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ಕ್ಷಣಮಾತ್ರದಲ್ಲಿ ವೋಲ್ಟ್ ಬಹಳ ಮೇಲೇರಿ ಡಯೋಡ್, ರೆಗ್ಯುಲೇಟರ್, ಹೊಸ ಗಾಡಿಯಾದರೆ ಕಂಪ್ಯೂಟರ್ ಕೂಡ ಸುಡಬಹುದು. ಮೇಲಾಗಿ ಸಾದಾ ಡೀಸೆಲ್ ಎಂಜಿನ್ ಚಾರ್ಜು ಇಲ್ಲದೆಯೂ ಓಡುವುದರಿಂದ ಈ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ.

ಟ್ರೇಲರಿನ ಕೊಂಡಿಗೆ ವೆಲ್ಡಿಂಗ್ ಮಾಡಿಸುವಾಗ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬಿಡಿಸಿರಿ. ಟ್ರ್ಯಾಕ್ಟರಿಗೇ ವೆಲ್ಡಿಂಗ್ ಇದ್ದರೆ ಬ್ಯಾಟರಿ ಮತ್ತು ಆಲ್ಟರ್ನೇಟರಿನ ವಾಯರುಗಳನ್ನು ಕಳಚಿರಿ.

ಬ್ಯಾಟರಿ ಕಳಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಪ್ಲಸ್ ಮೈನಸ್ ಅದಲುಬದಲಾದರೆ ಡಯೋಡುಗಳು ಒಮ್ಮೆಲೆ ಸುಡುತ್ತವೆ. ಚಾರ್ಜಾಗುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಹತ್ತಿರ ಬೀಡಿ, ಕಡ್ಡಿ ಬೇಡ. ಆ್ಯಸಿಡ್ ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ಕೂಡಲೆ ಡಾಕ್ಟರರ ಕಡೆಗೆ ಹೋಗಿರಿ.

ಪೂರ್ಣ ಬರಿದಾದ ಬ್ಯಾಟರಿಯನ್ನು ಬೇರೆ ಗಾಡಿಯಿಂದ ವಾಯರ್ ಕೊಟ್ಟು ಚಾಲೂ ಮಾಡಿದರೆ ಕೆಲಸ ಮುಗಿಯಲಿಲ್ಲ. ಅದನ್ನು ಚಾರ್ಜರಿಗೆ ಹಾಕಿ ನಿಧಾನವಾಗಿ ತುಂಬಿಸಬೇಕು. 75 ಆಂಪಿಯರ್-ತಾಸಿನ ಬ್ಯಾಟರಿಗೆ 7 ಆಂಪಿಯರಿನಂತೆ ಹತ್ತು ಹನ್ನೆರಡು ತಾಸು ಬೇಕು.

ಹಂಗಾಮು ಮುಗಿದ ಮೇಲೆ

ಬಹಳಷ್ಟು ಬ್ಯಾಟರಿಗಳು ಸಾಯುವುದು ಬೇಸಿಗೆಯ ಬಿಡುವಿನಲ್ಲಿ. ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಬಿಸಿಲಿಗೆ ಬ್ಯಾಟರಿ ತಾನಾಗಿಯೇ ಬೇಗ ಇಳಿಯುತ್ತದೆ, ನೀರೂ ಆರುತ್ತದೆ. ಇಳಿದ ಬ್ಯಾಟರಿ ಹಾಗೆಯೇ ನಿಂತರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಅದು ಮೊದಲಿನಂತೆ ಹಿಡಿಯುವುದಿಲ್ಲ. ಆದುದರಿಂದ ಕೊನೆಯ ಟ್ರಿಪ್ ಮುಗಿದ ಮೇಲೆ ಬ್ಯಾಟರಿ ತುಂಬಿಸಿ, ಮೈನಸ್ ವಾಯರ್ ಕಳಚಿ, ನೆರಳಿನಲ್ಲಿಡಿರಿ. ತಿಂಗಳಿಗೊಮ್ಮೆ ವೋಲ್ಟ್ ನೋಡಿ 12.4ಕ್ಕಿಂತ ಇಳಿದಿದ್ದರೆ ಮತ್ತೆ ತುಂಬಿಸಿರಿ. ನಿಜವಾಗಿಯೂ ಆಯುಷ್ಯ ತೀರಿದ ಬ್ಯಾಟರಿಯನ್ನು ಮನೆಯಲ್ಲಿ ಒಡೆಯದೆ ಅಂಗಡಿಗೇ ಮರಳಿ ಕೊಡಿರಿ. ಅದರ ಸೀಸ ಮಕ್ಕಳಿಗೂ ಬಾವಿಯ ನೀರಿಗೂ ವಿಷ.

ಕೊನೆಯ ಮಾತು

ಬ್ಯಾಟರಿಯ ಹಣ ಹೋದರೆ ಮತ್ತೆ ಗಳಿಸಬಹುದು. ಆದರೆ ಚಾರ್ಜಿಲ್ಲದ ಟ್ರ್ಯಾಕ್ಟರಿನ ಹಿಂದಿನ ದೀಪ ಮೊದಲು ಮಂದವಾಗುತ್ತದೆ, ನಂತರ ಆರುತ್ತದೆ. ಮುಂದೆ ಕುಳಿತ ಚಾಲಕನಿಗೆ ಅದು ಕಾಣುವುದೇ ಇಲ್ಲ. ಕತ್ತಲೆಯ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೇಲರ್ ಹಿಂದಿನಿಂದ ಬರುವ ಮೋಟಾರ್ ಸೈಕಲ್ಲಿನವನಿಗೆ ಕಪ್ಪು ಗೋಡೆಯಂತೆ ಎದುರಾಗುತ್ತದೆ. ಆ ಸೈಕಲ್ಲಿನ ಮೇಲೆ ಇರುವವನು ನಮ್ಮ ನಿಮ್ಮ ಮನೆಯ ಹುಡುಗನೇ ಆಗಿರಬಹುದು. ಆದುದರಿಂದ ಪ್ರತಿ ಟ್ರೇಲರಿನ ಹಿಂದೆ ವಿದ್ಯುತ್ತಿನ ಹಂಗಿಲ್ಲದ ಕೆಂಪು ರಿಫ್ಲೆಕ್ಟರ್ ಪಟ್ಟಿ ಇರಲೇಬೇಕು. ಕಾರಖಾನೆಯ ಕಡೆಗೆ ಹೊರಡುವ ಮುನ್ನ ಚಾಲಕ ಒಮ್ಮೆ ಕೆಳಗಿಳಿದು ಹಿಂದಿನ ದೀಪ ನೋಡಲಿ.

12.6, 14, 13.2. ಈ ಮೂರು ಅಂಕಿಗಳನ್ನು ಟ್ರ್ಯಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಮೇಲೆ ಬಣ್ಣದಿಂದ ಬರೆದಿಡಿರಿ. ವಾರಕ್ಕೊಮ್ಮೆ ಮೀಟರ್ ಹಿಡಿದು ನೋಡುವ ರೂಢಿ ಮಾಡಿಕೊಳ್ಳಿರಿ, ಚಾಲಕರಿಗೂ ಕಲಿಸಿರಿ. ಸದಸ್ಯ ಬಂಧುಗಳ ಗಾಡಿಗಳು ದಾರಿಯಲ್ಲಿ ನಿಲ್ಲದೆ, ಬೆಳಕಿನೊಡನೆ ಕಾರಖಾನೆಗೆ ಬಂದು, ಬೆಳಕಿನೊಡನೆ ಮನೆಗೆ ಮರಳಲಿ ಎಂಬುದೇ ನಮ್ಮ ಆಶೆ.